ಎಡಗಾಲಿನ ಗಾಡಿ

ಕೋಡಿಬಾಗದ ಮಿಂಗೆಲನ ಗುಜರಿಯಲ್ಲಿ
ತಗಡಿನ ಕೆಳಗೆ, ಕೋಳಿ ಕಾವು ಕೂತ ಸೀಟು.
ಯೆಜ್ಡಿ. ಎಂಬತ್ತನಾಲ್ಕರ ಮಾಡೆಲ್ಲು, ಮೈಸೂರಿನ ಹುಟ್ಟು.
ಸ್ಪೋಕುಗಳನ್ನು ಉಪ್ಪುಗಾಳಿ ಒಂದೊಂದೇ ತಿಂದು ಮುಗಿಸಿತ್ತು.
"ತೂಕಕ್ಕೆ ಕೊಡಲೋ, ಗಾಡಿಯೆಂದು ಕೊಡಲೋ?"
ಕೇಳಿದ ಮಿಂಗೆಲ್. ನನ್ನ ಕಾಲು ನೋಡಿದ. ಆಮೇಲೆ
"ತೂಕಕ್ಕೇ ಒಯ್ಯಿ" ಅಂದ.

ಬಲಗಾಲು ಕೆಟ್ಟದ್ದು ಬೈತಖೋಲದ ಬೋಟಿನಲ್ಲಿ.
ವಿಂಚಿನ ಹಗ್ಗ ಬಿಗಿಯಾಯಿತು, ಬಾಂಗಡೆ ಮೇಲೆ ಬಂತು,
ಪಾದ ಇದ್ದಲ್ಲೇ ಒಂದು ಸುತ್ತು ತಿರುಗಿತು.
ಆ ದಿನದ ಮೀನಿಗೆ ಒಳ್ಳೇ ರೇಟು ಸಿಕ್ಕಿತಂತೆ.
ಈಗ ಹಿಮ್ಮಡಿ ಇದೆ, ಹೇಳಿದ ಮಾತು ಕೇಳುವುದಿಲ್ಲ.

ಬಲಗಾಲಿಟ್ಟು ಒಳಗೆ ಬಾ ಅನ್ನುತ್ತದೆ ಊರು
ಮದುಮಗಳಿಗೆ, ಹೊಸ ಮನೆಗೆ, ಹೊಸ ಕೆಲಸಕ್ಕೆ.
ಎಡಗಾಲಿನಿಂದ ಏಳುವಂಥದ್ದು
ನನಗೆ ಸಿಕ್ಕಿದ್ದು ಈ ಗಾಡಿಯೊಂದೇ.
ಕಿಕ್ಕೂ ಎಡಕ್ಕೆ, ಗೇರೂ ಎಡಕ್ಕೆ, ಎರಡಕ್ಕೂ ಒಂದೇ ಲಿವರು:
ಒಳಗೊತ್ತಿ ಮೇಲೆತ್ತಿ ತುಳಿದರೆ ಎಬ್ಬಿಸುತ್ತದೆ,
ಮುಂದಕ್ಕೆ ಮಲಗಿಸಿದರೆ ಓಡಿಸುತ್ತದೆ.
ಬ್ರೇಕು ಮಾತ್ರ ಬಲಕ್ಕೆ.
ಅದನ್ನು ಆಮೇಲೆ ನೋಡೋಣ ಅಂದುಕೊಂಡೆ.

ಮೂರು ತಿಂಗಳು ತುಳಸಿಕಟ್ಟೆಯ ಹಿಂದೆ ಬಿಡಿಸಿಟ್ಟೆವು
ನಾನು, ಸಾನಿಕಾ. ಅವಳಿಗೆ ಹದಿನಾರು, ಉಗುರಿನೊಳಗೆ ಗ್ರೀಸು.
ನಟ್ಟುಗಳು ಐಸ್‌ಕ್ರೀಮ್ ಡಬ್ಬಿಯಲ್ಲಿ,
ಬೋಲ್ಟುಗಳು ಉಪ್ಪಿನಕಾಯಿ ಭರಣಿಯಲ್ಲಿ,
ಪಿಸ್ಟನ್ನು ಅಕ್ಕಿಡಬ್ಬದ ಮೇಲೆ, ಬಟ್ಟೆ ಹೊದ್ದು.
"ಇನ್ನೊಂದು ದೇವರು ಬಂತು" ಅಂದಳು ಉಜ್ವಲಾ,
ದೇವರನ್ನು ಸರಿಸಿ ಅಕ್ಕಿ ಅಳೆದಳು.

ಟಾಂಕಿಯ ಒಳಗೆಲ್ಲ ತುಕ್ಕು.
ಪೇಟೆಯ ಆಸಿಡ್ ಬೇಡ ಎಂದವಳೂ ಅವಳೇ.
ಹಿತ್ತಿಲ ಮರದ ಬಿಂಬಲಿ ಕುಟ್ಟಿ ರಸ ಹಿಂಡಿದಳು.
ಕೆರೆಯಲೆಂದು ಸಾನಿಕಾ ದಂಡೆಯಿಂದ ಬೊಗಸೆ ಚಿಪ್ಪು ತಂದಳು.
"ಚಿಪ್ಪಲ್ಲವೇ ಹುಡುಗಿ, ಹುಳಿಗೆ ಕರಗಿ ನೊರೆಯಾಗ್ತದೆ,
ಕಲ್ಲು ತಾ."
ಎರಡು ರಾತ್ರಿ ಟಾಂಕಿಯನ್ನು ಮಡಿಲಲ್ಲಿಟ್ಟು ಕುಲುಕಿದೆವು
ಸರತಿಯಲ್ಲಿ, ಟೀವಿ ನೋಡುತ್ತ.
ಸುರಿದಾಗ ಬಂದದ್ದು
ಆಷಾಢದ ಕಾಳಿ ನದಿಯ ಬಣ್ಣ.

ಹೊರಗೆ ಉಜ್ಜಿದ ಹಾಗೆ ಒಬ್ಬೊಬ್ಬರೇ ಇಳಿದು ಹೋದರು:
ಮೇಲೆ ಕಪ್ಪು, ಕೆಳಗೆ ಯಾರದೋ ಗಿಳಿಹಸಿರು,
ಅದರಡಿ ಬೆಳ್ಳಿ, ಬೆಳ್ಳಿಯಲ್ಲಿ ಯಾವುದೋ ಹೆಸರಿನ ಮೊದಲಕ್ಷರ,
ಎಲ್ಲದರ ತಳದಲ್ಲಿ ಕಾರ್ಖಾನೆಯ ಮರೂನು, ಬೆರಳಗಲ.
ಆ ಬೆರಳಗಲವನ್ನು ಮುಟ್ಟದೆ ಬಿಟ್ಟೆವು.
ಉಳಿದದ್ದಕ್ಕೆ, ಜೈವಂತ ತಾಂಡೇಲನ ಬೋಟಿಗೆ ಬಳಿದು ಮಿಕ್ಕ
ನೀಲಿ. ಉಪ್ಪಿಗೆ ಹೆದರದ ಬಣ್ಣ.
ಸೀಟಿಗೆ ಬಲೆ ಹೆಣೆಯುವ ಸೂಜಿ, ಬಲೆಯದೇ ದಾರ.
ಗಂಟುಗಳು ಕೂತಲ್ಲಿ ಚುಚ್ಚುತ್ತವೆ. ಇರಲಿ.

ಬ್ರೇಕು.
ದೀಪಾವಳಿಯ ತನಕ ನಾನು ಅದರ ಮಾತೆತ್ತಲಿಲ್ಲ.
ಒಂದು ಬೆಳಿಗ್ಗೆ ಎದ್ದು ನೋಡಿದರೆ
ಎಡಗೈ ಹಿಡಿಯಲ್ಲಿ, ಕ್ಲಚ್ಚಿನ ಕೆಳಗೆ, ಇನ್ನೊಂದು ಲಿವರು,
ಅಲ್ಲಿಂದ ಹಿಂದಿನ ಚಕ್ರದವರೆಗೆ ಒಂದು ಕೇಬಲ್ಲು.
ಅವಳ ಸೈಕಲ್ಲು ಗೋಡೆಗೆ ಒರಗಿತ್ತು, ಬ್ರೇಕಿಲ್ಲದೆ.
ಸೈಕಲ್ಲಿನದು ಸಾಲದು ಮಗಾ, ಕಡಿದು ಹೋಗ್ತದೆ ಎಂದೆ.
"ಗೊತ್ತು. ಇದು ಅಳತೆಗೆ.
ದಪ್ಪದ್ದಕ್ಕೆ ದುಡ್ಡು ಕೊಡು."

ಹದಿಮೂರು ತುಳಿತ. ಏನಿಲ್ಲ.
ಹದಿನಾಲ್ಕನೆಯದಕ್ಕೆ ಒಂದು ಕೆಮ್ಮು.
ಪಾಯಿಂಟು ಬಿಚ್ಚಿ ಅಂಗಿಯ ತುದಿಯಲ್ಲಿ ಒರೆಸಿದಳು.
ಮತ್ತೆ.
ಒಂದೇ ಸಿಲಿಂಡರು, ಎರಡು ಸೈಲೆನ್ಸರು,
ಬಿಳಿ ಹೊಗೆಯಲ್ಲಿ ಮನೆಯೇ ಮಾಯ.
ಸೊಳ್ಳೆಗೆ ಹೊಗೆ ಹೊಡೆಯಲು ನಗರಸಭೆ ಬಂತೆಂದು
ಪಕ್ಕದ ಮನೆಯವರು ಕಿಟಕಿ ತೆರೆದಿಟ್ಟರು.

ಬೈತಖೋಲದ ಧಕ್ಕೆಯವರೆಗೆ ಹೋದೆ, ಎರಡನೇ ಗೇರಿನಲ್ಲೇ.
ಹಿಂದೆ ಸಾನಿಕಾ, ಎರಡೂ ಕಾಲು ಊರಲು ತಯಾರಾಗಿ.
ಅದೇ ಬೋಟು ಅಲ್ಲಿತ್ತು. ಹೆಸರು ಬದಲಾಗಿತ್ತು.
ವಿಂಚಿಗೆ ಹೊಸ ಹಗ್ಗ.
ಇಂಜಿನ್ನು ನಿಲ್ಲಿಸಲಿಲ್ಲ, ನಿಲ್ಲಿಸಿದರೆ ಮತ್ತೆ ಹದಿನಾಲ್ಕು.
ಐಸು ಹೊರುತ್ತಿದ್ದ ಹುಡುಗನೊಬ್ಬ ಮೂಗು ಮುಚ್ಚಿ ನಿಂತ:
"ಎಣ್ಣೆ ಜಾಸ್ತಿ ಬೆರೆಸಿದ್ದೀರಿ ಅಣ್ಣಾ."
ಹೌದು ಮಾರಾಯಾ ಎಂದೆ.
ಎಡಗೈ ಬಿಡಲಿಲ್ಲ.
ಧಕ್ಕೆ ಅಲ್ಲಿ ಸ್ವಲ್ಪ ಇಳಿಜಾರು.